ಅಡಿಕೆ ಸುಲಿಸುವವರಿಗೆ ಸಿಹಿಸುದ್ದಿ

ಸುಲೋಚನಮ್ಮನಿಗೆ ಓದುವ ಚಾಳಿ ಇತ್ತು, ಅದೇ ಎಡವಟ್ಟಾಯಿತು. ಹಿರೇಕೊಡಿಗೆಯ ಗಣಪಯ್ಯನವರ ಅಂಗಳದಲ್ಲಿ ಪ್ರತಿವರ್ಷ ಅಡಿಕೆ ಸುಲಿಯುತ್ತಿದ್ದ ಆರು ಹೆಂಗಸರಲ್ಲಿ, ಕೈಗೆ ಸಿಕ್ಕಿದ ಚೀಟಿಯನ್ನೆಲ್ಲ ಬಿಡದೆ ಓದುವವಳು ಅವಳೊಬ್ಬಳೇ. ಅದರ ಜಂಬವೂ ಸ್ವಲ್ಪ ಇತ್ತು. ಇರಲಿ ಬಿಡಿ, ಜಂಬಪಡಲು ಪಾಪ ಅವಳಿಗೆ ಬೇರೇನಿತ್ತು? ಆರೂ ಮನೆಗಳು ವರ್ಷವಿಡೀ ನಿಂತದ್ದು ಮೂರು ತಿಂಗಳ ಆ ಸುಲಿತದ ಕೂಲಿಯ ಮೇಲೆ.

ನವರಾತ್ರಿಗೆ ಶೃಂಗೇರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಂದು ಕರಪತ್ರ ಕೊಟ್ಟರು. ಚಾಳೀಸು ಬಂದು ವರ್ಷವಾದರೂ ಕನ್ನಡಕ ಮಾಡಿಸಿರಲಿಲ್ಲ. ಕುಲುಕುವ ಬಸ್ಸಿನಲ್ಲಿ ದಪ್ಪಕ್ಷರವನ್ನಷ್ಟೇ ಓದಿದಳು: ‘ಅಡಿಕೆ ಸುಲಿಯುವವರಿಗೆ ಸಿಹಿಸುದ್ದಿ! ತೆರಿಗೆ ಇಳಿದಿದೆ!’ ಸೋಪು, ಬಿಸ್ಕತ್ತುಗಳ ತೆರಿಗೆ ಇಳಿದದ್ದನ್ನು ಟೀವಿಯಲ್ಲಿ ಕೇಳಿದ್ದಳು. ಅಂತೂ ದೊಡ್ಡವರ ಕಣ್ಣು ತಮ್ಮ ಮೇಲೂ ಬಿತ್ತು ಎಂದುಕೊಂಡಳು.

ಪಕ್ಕದಲ್ಲಿ ಕೂತಿದ್ದ ಗಂಗಾಂಬಿಕೆ, ಸುಲಿತದಲ್ಲೂ ಇವಳ ಪಕ್ಕದವಳೇ, ನಂಬಲಿಲ್ಲ.

“ನಮಗೆಂತ ತೆರಿಗೆ ಮಾರಾಯ್ತಿ? ನಾವು ಕಟ್ಟಿದ್ದೇ ಇಲ್ವಲ್ಲ?”

“ಸೋಪಲ್ಲಿ ಕಟ್ತೀವಿ, ಟೀಪುಡೀಲಿ ಕಟ್ತೀವಿ. ಈಗ ಕೂಲೀಲೂ ಏನೋ ಜಾಸ್ತಿ ಮಾಡಿರ್ಬೇಕು. ಅಯ್ಯನವರ ಹತ್ರ ಕೇಳಾಣ.”

ಮರುದಿನ ಬೆಳಿಗ್ಗೆ ಆರೂ ಜನ ಹೋದರು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಗಣಪಯ್ಯನವರು ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಆಮೇಲೆ ಮನಸಾರೆ ನಕ್ಕರು.

“ಸುಲಿಯೋರಿಗಲ್ಲ ಮಾರಾಯ್ತಿ, ಸುಲಿಸೋರಿಗೆ! ಸುಲಿಯೋ ಯಂತ್ರದ ತೆರಿಗೆ ಇಳಿಸಿದಾರೆ. ನಂಗೆ ಗೊತ್ತೇ ಇರ್ಲಿಲ್ಲ ನೋಡು.”

ಒಂದೇ ಒಂದು ಅಕ್ಷರ. ಹೆಂಗಸರೂ ನಕ್ಕರು, ಸುಲೋಚನಮ್ಮ ನಾಚಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು. ಗಣಪಯ್ಯನವರು ಕರಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ದೀಪಾವಳಿ ಕಳೆದ ವಾರ ಕೊಪ್ಪದಿಂದ ಪಿಕಪ್‌ನಲ್ಲಿ ಯಂತ್ರ ಬಂತು. ಗಣಪಯ್ಯನವರು ಕೆಟ್ಟವರೇನಲ್ಲ. ಆರೂ ಜನರನ್ನು ಕರೆಸಿ ಕಾಫಿ ಕೊಟ್ಟು, ತಲೆ ತಗ್ಗಿಸಿಕೊಂಡೇ ಹೇಳಿದರು.

“ನಾಲ್ಕು ವರ್ಷದಿಂದ ತಗೊಳ್ಳಾಣ ಅಂತಿದ್ದೆ, ರೇಟು ಕೇಳಿ ಸುಮ್ನಾಗ್ತಿದ್ದೆ. ಈಗ ತೆರಿಗೆ ಉಳೀತು, ಧೈರ್ಯ ಬಂತು. ಯಂತ್ರ ಅರೆಬರೆ ಸುಲಿದಿದ್ದನ್ನ ಆರಿಸೋಕೆ ಒಬ್ರು ಸಾಕು. ಸುದ್ದಿ ತಂದವಳು ಸುಲೋಚನ, ಅವಳೇ ಇರ್ಲಿ.”

ಐದು ಜೊತೆ ಕಣ್ಣು ಸುಲೋಚನಮ್ಮನ ಕಡೆ ತಿರುಗಿದವು. ಇದ್ದರೆ ಆರೂ ಜನ, ಇಲ್ಲದಿದ್ದರೆ ಯಾರೂ ಬೇಡ ಎನ್ನಬೇಕೆಂದು ಅವಳ ಮನಸ್ಸು ಹೇಳುತ್ತಲೇ ಇತ್ತು. ಅಷ್ಟರಲ್ಲಿ ಬಾಯಿ “ಆಯ್ತು ಅಯ್ಯಾ” ಎಂದುಬಿಟ್ಟಿತ್ತು. ಹೊಟ್ಟೆ ಎಂಬುದು ಯಾರ ಮಾತನ್ನೂ ಕೇಳುವುದಿಲ್ಲ.

ಉಳಿದ ಐವರು ಸುಲಿತದ ಕೆಲಸ ಕೇಳಿಕೊಂಡು ಎನ್.ಆರ್.ಪುರದ ಕಡೆಗೂ ಹೋಗಿ ಬಂದರು. ಅಲ್ಲೂ ಅಂಗಳದಂಗಳದಲ್ಲಿ ಯಂತ್ರ ಕೂತಿತ್ತು. ಸುಲೋಚನಮ್ಮ ದಿನವಿಡೀ ಒಬ್ಬಳೇ ಅಡಿಕೆ ಆರಿಸಿದಳು. ಮಾತಾಡಲು ಜನವಿರಲಿಲ್ಲ, ಇದ್ದಿದ್ದರೂ ಯಂತ್ರದ ಸದ್ದಿನಲ್ಲಿ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ರಂಗಪ್ಪನ ಅಂಗಡಿಗೆ ಹೋದಳು. ಗಂಗಾಂಬಿಕೆ ಅಲ್ಲಿದ್ದಳು. ಕೈಯಲ್ಲಿದ್ದ ಸೋಪನ್ನು ತಿರುಗಿಸಿ ನೋಡಿ, ವಾಪಸ್ ಇಟ್ಟಳು.

“ಬೆಲೆ ಇಳಿದಿದೆ, ತಗೊಳ್ಳಿ ಅಮ್ಮ” ಎಂದ ರಂಗಪ್ಪ. “ಏನು ಇಳಿದು ಏನು ಬಂತು, ಈ ಸಲ ವ್ಯಾಪಾರವೇ ಇಲ್ಲ. ಸುಲಿತದ ದುಡ್ಡಲ್ವಾ ನನ್ನ ಅಂಗಡಿಗೆ ಬರ್ತಿದ್ದದ್ದು?”

“ನಾನು ಕೊಡ್ತೀನಿ, ತಗೊಳ್ಳೇ ಗಂಗಾ” ಎಂದಳು ಸುಲೋಚನಮ್ಮ.

ಗಂಗಾಂಬಿಕೆಗೆ ಸಿಟ್ಟೇನೂ ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು.

“ನಿನ್ನ ಕೆಲ್ಸಕ್ಕೆ ಹೊತ್ತಾಗ್ತದೆ. ಹೋಗು ಮಾರಾಯ್ತಿ.”

ಹೊತ್ತಾದದ್ದು ನಿಜವೇ. ಸುಲೋಚನಮ್ಮ ಹೋದಳು.