ನಡುವಿನ ಮಹಡಿಗಳು

ಲಿಫ್ಟಿನ ಬಾಗಿಲು ಎಳೆಯುವ ಮೊದಲು ಹಣಮಂತರಾಯರು ತಕ್ಕಡಿಯ ಮುಳ್ಳನ್ನು ಇನ್ನೊಮ್ಮೆ ನೋಡಿಕೊಂಡರು. ಕೊಕ್ಕೆಗೆ ನೇತುಬಿದ್ದ ಸಕ್ಕರೆ ಚೀಲ ಸರಿಯಾಗಿ ಐದು ಕಿಲೋ. ಬೇಗಂ ಬಜಾರಿನ ತಮ್ಮ ಕಿರಾಣಿ ಅಂಗಡಿಯಿಂದ ಅವರೇ ತಂದ ಸ್ಪ್ರಿಂಗ್ ತಕ್ಕಡಿ ಅದು. ಬೇರೆಯವರ ತಕ್ಕಡಿಯನ್ನು ಅವರು ನಂಬುವವರಲ್ಲ.

"ಮ್ಯಾಲೆ ಹೋಗೂಮುಂದ ಎಷ್ಟು ತೋರಸ್ತೈತಿ, ಮೊದಲು ನೀವು ಹೇಳ್ರಿ ಅಪ್ಪಾ," ಎಂದಳು ಮಗಳು ಸ್ನೇಹಲತಾ.

"ಮ್ಯಾಲೆ ಎತ್ತಬೇಕಂದ್ರ ಜೋರು ಬೇಕು. ಐದನೇ ಮಹಡಿ ಮುಟ್ಟೂತನಕ ಜಾಸ್ತಿನೇ ಇರ್ತೈತಿ," ಎಂದರು ರಾಯರು, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ.

ಅವಳಿಗೆ ಒಳಗೊಳಗೇ ನಗು ಬಂತು. ಹತ್ತನೇ ತರಗತಿ ಮುಗಿಸಿ ಸೇರಿದ ಇಂಟರ್ ಮೊದಲ ವರ್ಷದ ಮೊದಲ ಟೆಸ್ಟಿನಲ್ಲಿ ಅವಳೂ ಇದನ್ನೇ ಬರೆದು ಫಿಸಿಕ್ಸಿನಲ್ಲಿ ಮಣ್ಣು ಮುಕ್ಕಿದ್ದಳು. ಸುದ್ದಿ ಕೇಳಿದ ರಾಯರು ಬೈಯಲಿಲ್ಲ. ಕಾಮರ್ಸಿಗೆ ಹಾಕಿಬಿಡುತ್ತೇನೆ, ಅಂಗಡಿಗಾದರೂ ಉಪಯೋಗಕ್ಕೆ ಬರುತ್ತದೆ ಎಂದರು. ಎರಡನೇ ಮಹಡಿಯ ಚೇತನಕುಮಾರರಿಗೆ ಕಾಲೇಜಿನಲ್ಲಿ ಪರಿಚಯವಿತ್ತು. ನಾಳೆ ಬೆಳಿಗ್ಗೆ ರಾಯರೂ ಅವರೂ ಹೋಗಿ ಅವಳ ಗ್ರೂಪು, ಅಂದರೆ ಓದುವ ವಿಭಾಗ, ಬದಲಿಸಿ ಬರುವುದೆಂದು ಮಾತಾಗಿತ್ತು.

ಸ್ನೇಹಲತಾಳಿಗೆ ಬೇಕಾಗಿದ್ದದ್ದು ಫಿಸಿಕ್ಸೇ. ಕಾಲೇಜಿನವರು ಬುನಾದಿ ಹಾಕದೆ ನೇರ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಲೆಕ್ಕಗಳಿಗೆ ಜಿಗಿದಿದ್ದರು. ಅವಳು ದಪ್ಪ ಗೈಡುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ ಮೊದಲ ಪಾಠದಿಂದ ಮತ್ತೆ ಶುರುಮಾಡಿದ್ದಳು. ಒಂದು ಚೌಕ ಬರೆಯುವುದು, ಅದನ್ನು ಯಾರು ಎಳೆಯುತ್ತಾರೆ, ಯಾರು ತಳ್ಳುತ್ತಾರೆ ಎಂದು ಬಾಣ ಹಾಕುವುದು, ಕೂಡುವುದು, ಕಳೆಯುವುದು. ಮಹಾ ಹಟಮಾರಿ ಹುಡುಗಿ. ಆ ಹಟ ಯಾರ ಕಡೆಯಿಂದ ಬಂತೆಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದೇ ಒಂದು ಸಲ ನನ್ನ ಜೊತೆ ಲಿಫ್ಟಿನಲ್ಲಿ ಬನ್ನಿ, ಆಮೇಲೆ ನಿಮ್ಮಿಷ್ಟ ಎಂದು ಇವತ್ತು ಸಂಜೆ ಅಪ್ಪನನ್ನು ಎಬ್ಬಿಸಿಕೊಂಡು ಬಂದಿದ್ದಳು.

ಹಿಮಾಯತ್‌ನಗರದ ಆ ಹಳೆ ಕಟ್ಟಡದ ಲಿಫ್ಟು ಕುಲುಕಿ ಹೊರಟಿತು. ಮುಳ್ಳು ಐದನ್ನು ದಾಟಿತು. ನೋಡಿದೆಯಾ ಎಂದು ರಾಯರು ಹುಬ್ಬೇರಿಸುವಷ್ಟರಲ್ಲಿ ಅದು ಹಿಂದೆ ಸರಿದು ಮತ್ತೆ ಐದರ ಮೇಲೇ ಕೂತಿತು. ಒಂದೊಂದೇ ಮಹಡಿ ದಾಟುತ್ತಿದ್ದರೂ ಮುಳ್ಳು ಮಿಸುಕಲಿಲ್ಲ. ಮೇಲೆ ಹೋಗಿ ನಿಲ್ಲುವಾಗ ಮಾತ್ರ ಐದಕ್ಕಿಂತ ಕೆಳಗಿಳಿದು, ನಿಂತ ಮೇಲೆ ತನ್ನ ಜಾಗಕ್ಕೆ ಬಂತು.

ರಾಯರು ತಕ್ಕಡಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ವರ್ಷಾವರ್ಷ ಮೊಹರು ಹಾಕಿಸಿದ ತಕ್ಕಡಿ, ಸುಳ್ಳು ಹೇಳುವಂತಿಲ್ಲ. "ನಡುವ ಯಾಕ ಏರಲಿಲ್ಲ?"

"ಸ್ಪ್ರಿಂಗ್ ಮ್ಯಾಲೆ ಎಳಿಯಾಕತ್ತೈತಿ, ಭೂಮಿ ಕೆಳಗ ಎಳಿಯಾಕತ್ತೈತಿ. ಒಂದರಾಗ ಒಂದು ಕಳೀರಿ. ಉಳಿದದ್ದಷ್ಟೇ ವೇಗ ಬದಲು ಮಾಡ್ತೈತಿ."

"ಸೊನ್ನೆ ಉಳಿದ್ರ?"

"ಇದ್ದ ವೇಗ ಹಂಗೇ ಇರ್ತೈತಿ ಅಪ್ಪಾ. ನಿಂತದ್ದು ನಿಂತಿರ್ತೈತಿ, ಹೊಂಟದ್ದು ಹೊಂಟೇ ಇರ್ತೈತಿ."

 ರಾಯರು ತಾವೇ ಕೆಳಗಿನ ಗುಂಡಿ ಒತ್ತಿ, ಹಾಗಾದರೆ ಈಗ ಮೊದಲು ಕಡಿಮೆ, ನಡುವೆ ಐದು, ನಿಲ್ಲುವಾಗ ಜಾಸ್ತಿ ಎಂದರು. ಹಾಗೇ ಆಯಿತು. ಅವರ ಮುಖ ಅರಳಿತು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಇಲ್ಲ, ನಾನೇ ಓದಿದೆ ಎಂದಳು. ಆ ಮಾತಿಗೆ ರಾಯರ ಎದೆ ತುಂಬಿ ಬಂತು, ಅಡಗಿಸಿಕೊಳ್ಳಲು ಚೀಲದ ಗಂಟನ್ನು ಸುಮ್ಮನೆ ಬಿಗಿ ಮಾಡಿದರು.

ಕೆಳಗೆ ಚೇತನಕುಮಾರರು ಹಾಲಿನ ಪ್ಯಾಕೆಟ್ಟು ಹಿಡಿದು ಲಿಫ್ಟಿಗಾಗಿ ಕಾಯುತ್ತಿದ್ದರು. ಒಳಗೆ ಬರುತ್ತಲೇ, ನಾಳೆ ಎಷ್ಟು ಹೊತ್ತಿಗೆ ಹೊರಡೋಣ ಎಂದು ಕೇಳಿದರು. ಸ್ನೇಹಲತಾ ಅಪ್ಪನ ಮುಖ ನೋಡಿದಳು.

"ನಾಳೆ ಬ್ಯಾಡ್ರಿ," ಎಂದರು ರಾಯರು. "ನನ್ನ ಮಗಳು ಫಿಸಿಕ್ಸ್ ಓದಾಕತ್ತಾಳ."

ಚೇತನಕುಮಾರರು ಒಮ್ಮೆ ಅಪ್ಪನನ್ನು, ಒಮ್ಮೆ ಮಗಳನ್ನು ನೋಡಿದರು. ಲಿಫ್ಟಿನಲ್ಲಿ ಸಕ್ಕರೆ ತೂಗುವುದೆಂಥದು ಎಂದು ಕೇಳಿದರು.

"ಅದನ್ನ ಆಕಿನ್ನ ಕೇಳ್ರಿ."

ಅಷ್ಟು ಹೇಳಿ ರಾಯರು ತಕ್ಕಡಿಯನ್ನು ಮಗಳ ಕೈಗೆ ಕೊಟ್ಟರು. ಆ ಇಕ್ಕಟ್ಟಿನಲ್ಲಿ ಅವಳಿಗೆ ನಡುವೆ ಜಾಗ ಬಿಟ್ಟು, ತಾವು ಮೂಲೆಯ ಗೋಡೆಗೆ ಬೆನ್ನು ಹಚ್ಚಿ ಕೈಕಟ್ಟಿ ನಿಂತರು.