ಏಳನೇ ಕೋಣೆಯ ಬಾಗಿಲು

ಏಳನೇ ಕೋಣೆಯ ಬಾಗಿಲು ಮಧ್ಯಾಹ್ನ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ಗಹನ ಪ್ರಶ್ನೆಯ ಇತ್ಯರ್ಥಕ್ಕೆ ಆ ವೃದ್ಧರ ಆರೈಕೆ ಕೇಂದ್ರ ಮೂರು ಸಭೆ ಕರೆಯಿತು. ಕಟ್ಟಡದ ಅಡಿಪಾಯಕ್ಕೂ ಇಷ್ಟು ಚರ್ಚೆ ನಡೆದಿರಲಿಕ್ಕಿಲ್ಲ.

ಕೋಣೆಯಲ್ಲಿದ್ದವರು ಟೈಲರಮ್ಮ, ಎಪ್ಪತ್ತೆಂಟು ವರ್ಷ, ಮರೆವಿನ ಕಾಯಿಲೆ. ಊಟವಾದ ಮೇಲೆ ಎದುರು ಕೋಣೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಂದು ಪಕ್ಕದಲ್ಲಿ ಮಲಗುತ್ತಿದ್ದರು. ಅವರಿಗೂ ಅದೇ ಕಾಯಿಲೆ, ಹಿಂದೆಮುಂದೆ ಯಾರೂ ಇಲ್ಲ. ಒಂದು ದಿನ ಕಂಬಳಿ ಹೊದಿಸಲು ಹೋದ ಹೊಸ ನರ್ಸ್ ಇಬ್ಬರೂ ಮುತ್ತಿಡುವುದನ್ನು ಕಂಡು, ಕಂಬಳಿ ಅಲ್ಲೇ ಬಿಟ್ಟು ಓಡಿಬಂದು, ದಾಖಲೆ ಪುಸ್ತಕದಲ್ಲಿ 'ಅಸಭ್ಯ ವರ್ತನೆ' ಎಂದು ಬರೆದಳು. ಹಾಸಿಗೆ ಒದ್ದೆಯಾದರೂ ನಾಲ್ಕು ಸಾಲು ಬರೆಯುವವಳು, ಇದಕ್ಕೆ ಎರಡೇ ಪದ.

ಟೈಲರಮ್ಮನನ್ನು ಮೇಲಿನ ಮಹಡಿಗೆ ಸಾಗಿಸುವುದೆಂದು ಮೇಲ್ವಿಚಾರಕಿ ಗೊತ್ತುಮಾಡಿದರು. ಒಪ್ಪಿಗೆಯ ಸಹಿಗೆ ಮಗಳನ್ನು ಮೂರನೇ ಸಭೆಗೆ ಕರೆಸಿದರು. ಎಲ್ಲರೂ ದೊಡ್ಡಕ್ಕ ಎನ್ನುವ ಹಳೆಯ ಆಯಾ, ಕರೆಯದಿದ್ದರೂ ಬಂದು ಕೂತಳು.

"ಈ ವಯಸ್ಸಲ್ಲಿ ಇದೆಲ್ಲ ಬೇಕಾ ದೊಡ್ಡಕ್ಕ?" ಎಂದಳು ನರ್ಸ್.

"ಎಷ್ಟನೇ ವಯಸ್ಸಿಗೆ ನಿಲ್ಲಿಸ್ಬೇಕು ಅಂತ ಹೇಳಿಬಿಡು ತಾಯಿ. ನಿನ್ನ ಮದುವೇಲಿ ನಿನ್ನ ಗಂಡನಿಗೂ ತಿಳಿಸ್ತೀನಿ."

ಮೇಲ್ವಿಚಾರಕಿ ನಡುವೆ ಬಂದರು. "ಟೈಲರಮ್ಮನಿಗೆ ಹೌದು ಅನ್ನೋಷ್ಟೂ ತಿಳಿವಳಿಕೆ ಉಳಿದಿಲ್ಲ. ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?" ಪ್ರಶ್ನೆ ನ್ಯಾಯವಾದದ್ದೇ.

"ಬೇಡ ಅನ್ನೋದು ಚೆನ್ನಾಗಿ ಗೊತ್ತು ಮೇಡಂ. ನಾಲ್ಕು ವರ್ಷದಿಂದ ಸ್ನಾನ ಮಾಡಿಸ್ತಿದೀನಿ. ಬೇಡದಿದ್ರೆ ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಕಟ್ತಾರೆ. ಡಾಕ್ಟ್ರಿಗೂ ಕಟ್ತಾರೆ, ನಿಮಗೂ ಕಟ್ತಾರೆ. ಪೋಸ್ಟ್‌ಮಾಸ್ಟರು ಬಂದಾಗ ಕೈ ಬಿಚ್ಚಿರತ್ತೆ. ದಿನಾ ನೋಡ್ತೀನಿ."

"ಒಂದಿನ ಕಟ್ಟಿದ್ರೆ?"

"ಹೋದ ವಾರ ಕಟ್ಟಿದ್ರು. ಪೋಸ್ಟ್‌ಮಾಸ್ಟರನ್ನ ವಾಪಸ್ ಅವರ ಕೋಣೆಗೆ ಕರ್ಕೊಂಡು ಹೋದೆ. ಹಠ ಮಾಡ್ಲಿಲ್ಲ, ಪಾಪ."

ತರಬೇತಿ ಕೈಪಿಡಿಯಲ್ಲಿ ಹೆಬ್ಬೆರಳಿನ ಪ್ರಸ್ತಾಪವೇ ಇರಲಿಲ್ಲ. ಮೇಲ್ವಿಚಾರಕಿ ಪೆನ್ನಿನ ಮುಚ್ಚಳ ತೆಗೆದು ಆ ಮಾತು ಬರೆದುಕೊಂಡರು. ಆ ಕುರ್ಚಿಯಲ್ಲಿ ಕೂತವರು ಆಯಾ ಹೇಳಿದ್ದನ್ನು ಬರೆದುಕೊಂಡದ್ದು ಅದೇ ಮೊದಲು.

ಅಷ್ಟು ಹೊತ್ತು ಮೇಜನ್ನೇ ನೋಡುತ್ತಿದ್ದ ಮಗಳು ಕೇಳಿದಳು: "ಅಮ್ಮ ಅವರನ್ನ ಅಪ್ಪ ಅಂದ್ಕೊಂಡಿದಾಳಾ?"

"ಇಲ್ಲಮ್ಮ. ನಿಮ್ಮಪ್ಪ ಅಂದ್ಕೊಳ್ಳೋದು ನನ್ನನ್ನ. ದಿನಾ ಬೈಸ್ಕೊತೀನಿ."

ಮಗಳು ನಕ್ಕುಬಿಟ್ಟಳು. ಮೇಲ್ವಿಚಾರಕಿ ಕೆಮ್ಮಿದರು. ಆಮೇಲೆ ಮಗಳು ಕಾಗದವನ್ನು ಮೆಲ್ಲಗೆ ಅವರತ್ತ ಸರಿಸಿದಳು. "ಅಮ್ಮನ ಕೈ ನೀವೇ ನೋಡ್ಕೊಳ್ಳಿ ದೊಡ್ಡಕ್ಕ."

ಮಹಡಿಯ ಕಾಗದಕ್ಕೆ ಸಹಿ ಬೀಳಲಿಲ್ಲ. ಟೈಲರಮ್ಮ ಏಳನೇ ಕೋಣೆಯಲ್ಲೇ ಉಳಿದರು. ದೊಡ್ಡಕ್ಕ ಮೊದಲು ಒಳಗೆ ಹೋಗಿ ನೋಡಿ ಬಂದ ಮೇಲೆ, ಬಾಗಿಲು ಎರಡರಿಂದ ಮೂರರವರೆಗೆ ಮುಚ್ಚಿರುತ್ತದೆ.