ಎಡತೋಳಿನ ಗುಂಡಿ

ಬಲಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವನ ಆ ಮಣಿಕಟ್ಟು ಮೂವತ್ತು ವರ್ಷದಿಂದ ಸೆಟೆದುಕೊಂಡೇ ಇತ್ತು. ಸತ್ತ ಮೇಲೆ ಬಗ್ಗೀತೆ? ಹೆಂಡತಿ ನಿಧಾನವಾಗಿ ಎಳೆದಳು. ಮಗಳು ಅಪ್ಪನ ಬೆನ್ನಿಗೆ ಕೈಕೊಟ್ಟಿದ್ದಳು. ಹೊರಗೆ ಗಾಡಿ ಬಂದು ನಿಂತಿತ್ತು.

ಸತ್ತವನ ಅಕ್ಕ ಬಾಗಿಲಲ್ಲಿ ಕೂತು ಹಳೇ ಪುರಾಣ ಬಿಚ್ಚಿದ್ದಳು. ತಮ್ಮ ಏಣಿಯಿಂದ ಬಿದ್ದದ್ದು, ಕೈ ಹೋದದ್ದು, ಅಕ್ಷರ ಬರೆಯುವವನು ಬಣ್ಣ ಕಲಸಿಕೊಡುವ ಕೆಲಸಕ್ಕೆ ಇಳಿದದ್ದು. ಕೊನೆಗೆ ಬರುವುದು ಒಂದೇ ಮಾತು.

"ಇವಳು ಹೆರಿಗೆಗೆ ಅಂತ ತವರಲ್ಲಿ ಕೂತಿದ್ಲು. ಇದ್ದಿದ್ರೆ ಏಣಿ ಹಿಡ್ಕೋತಿದ್ಲು, ಅವನ ಕೈ ಉಳೀತಿತ್ತು."

ಹೆಂಡತಿ ತಲೆಯೆತ್ತದೆ ತೋಳನ್ನು ಇನ್ನೂ ಜೋರಾಗಿ ಎಳೆದಳು. ಗೋಡೆಗೊರಗಿ ನಿಂತಿದ್ದ ಮುದುಕಿ, ಆಗ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಅವಳನ್ನೇ ನೋಡುತ್ತಿದ್ದಳು.

*

ಏಣಿಯಿಂದ ಅವನು ಬಿದ್ದೇ ಇರಲಿಲ್ಲ. ಹೆಂಡತಿ ತವರಲ್ಲಿದ್ದಾಗ ಎಲ್ಲೋ ಹೋಗಿ ಸೋಂಕು ಅಂಟಿಸಿಕೊಂಡಿದ್ದ. ಅದು ರಕ್ತಕ್ಕಿಳಿದು ಮಣಿಕಟ್ಟು ಊದಿದಾಗ, ನಿಜ ಹೇಳಲು ನಾಚಿ, ಬಿದ್ದೆ ಎಂದ. ಡಾಕ್ಟರು ನಂಬಿ ಪ್ಲಾಸ್ಟರ್ ಹಾಕಿದರು. ಮೂರು ವಾರ ಅದರೊಳಗೆ ಕೀವು ಕೀಲನ್ನು ತಿಂದಿತು. ಜ್ವರ ನೆತ್ತಿಗೇರಿದ ಮೇಲೆ ಡಾಕ್ಟರ ಮುಂದೆ ಬಾಯಿಬಿಟ್ಟ. ಜೀವ ಉಳಿಯಿತು, ಕೈ ಉಳಿಯಲಿಲ್ಲ.

ಅಷ್ಟರಲ್ಲಿ ಹೆಂಡತಿ ಮಗುವಿನೊಂದಿಗೆ ಮರಳಿದ್ದಳು. ಡಾಕ್ಟರ ಮಾತಿಗೆ, ಶಕ್ತಿಯ ಇಂಜೆಕ್ಷನ್ ಎಂದು ಹೇಳಿ ಅವಳನ್ನು ಆಸ್ಪತ್ರೆಗೆ ಕರೆತಂದ. ನರ್ಸ್ ಪರದೆ ಎಳೆದಳು.

"ಇದು ಶಕ್ತಿಗಲ್ಲಮ್ಮ. ಗೊನೊರಿಯಾ ಅಂತ, ಕೂಡಿದ್ರೆ ಹರಡೋ ರೋಗ. ನೋವಿಲ್ದಿದ್ರೂ ನಿಮ್ಮೊಳಗೂ ಇರ್ಬಹುದು."

ಅವಳು ಇಂಜೆಕ್ಷನ್ ಹಾಕಿಸಿಕೊಂಡಳು. ಆಮೇಲೆ ಕೇಳಿಕೊಂಡಳು: "ನಂಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡಿ, ಸಿಸ್ಟರ್."

ಅಂದಿನಿಂದ ದಿನಾ ಬೆಳಿಗ್ಗೆ ಅವನ ಎಡತೋಳಿನ ಗುಂಡಿ ಹಾಕುವವಳು ಅವಳೇ. ಬಲಗೈಗೆ ಆ ಕೆಲಸ ಆಗುತ್ತಿರಲಿಲ್ಲ. ಅವನು ಮುಖ ಬೇರೆ ಕಡೆ ತಿರುಗಿಸಿ ನಿಂತಿರುತ್ತಿದ್ದ.

*

ಮಗಳಿಗೆ ತಡೆಯಲಾಗಲಿಲ್ಲ. "ಸಿಸ್ಟರ್, ಆಗ ನೀವಿದ್ರಲ್ಲ. ನೀವೇ ಹೇಳಿ, ಅಮ್ಮ ಇದ್ದಿದ್ರೆ ಅಪ್ಪನ ಕೈ ಉಳೀತಿತ್ತಾ?"

ಮುದುಕಿ ಹೆಂಡತಿಯ ಮುಖ ನೋಡಿದಳು, ಅಪ್ಪಣೆ ಕೇಳುವವಳ ಹಾಗೆ. ಒಂದು ಮಾತು ಸಾಕಿತ್ತು, ಮೂವತ್ತು ವರ್ಷದ ಅಪವಾದ ಕಳಚಲು. ಮಗಳ ಕೈ ಇನ್ನೂ ಅಪ್ಪನ ಬೆನ್ನಿಗಿತ್ತು.

"ಉಳೀತಿತ್ತೋ ಏನೋ," ಎಂದಳು ಹೆಂಡತಿ. "ನಾನಂತೂ ಇರ್ಲಿಲ್ಲ. ಅದು ನಿಜ."

ಬಾಗಿಲಲ್ಲಿದ್ದ ಅಕ್ಕ ತೃಪ್ತಿಯಿಂದ ಕಣ್ಣೊರೆಸಿಕೊಂಡಳು. ಹೆಂಡತಿ ಬಲತೋಳಿನ ಗುಂಡಿ ಹಾಕಿದಳು. ಎಡತೋಳನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಆ ಕೈಯನ್ನು ಅವನ ಎದೆಯ ಮೇಲಿಟ್ಟು ಎದ್ದಳು.

"ಅಮ್ಮಾ, ಗುಂಡಿ," ಎಂದಳು ಮಗಳು.

"ಇರ್ಲಿ ಬಿಡು."

ಗಾಡಿಗೆ ಏರಿಸುವಾಗ ಗುಂಡಿ ಹಾಕದ ಎಡತೋಳು ಗಾಳಿಗೆ ಅಲುಗುತ್ತಿತ್ತು.